ಹೆಪಟೈಟಿಸ್ ಬಿ: ಕುಟುಂಬದೊಳಗಿನ ಹರಡುವಿಕೆಯ ಚರಿತ್ರೆ

ಹೆಪಟೈಟಿಸ್ ಬಿ ಯಕೃತ್ತಿಗೆ ತಗಲುವ ವೈರಾಣು ಸೋಂಕು. ಬಹುಕಾಲ ಉಳಿದರೆ ಸಿರೋಸಿಸ್, ಕ್ಯಾನ್ಸರ್‌ಗಳಿಗೆ ಎಡೆಮಾಡುತ್ತದೆ. ಒಂದೇ ಮನೆಯ ಹಲವರಲ್ಲಿ ಇದು ಕಾಣಿಸುವುದೇಕೆ ಎಂಬುದು ತಿಳಿದದ್ದು ಒಂದು ತಪ್ಪು ಊಹೆಯ ಬೆನ್ನುಹತ್ತಿ ಹೋದಾಗ.

ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಹೊಸ ಪ್ರೋಟೀನಿನ ವಿವರವನ್ನು ಅಮೆರಿಕದ ಬರೂಚ್ ಬ್ಲಂಬರ್ಗ್ 1965ರಲ್ಲಿ ಪ್ರಕಟಿಸಿದರು. ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಾದ ಇದು ಫಿಲಿಪ್ಪೀನ್ಸ್‌ನ ಕುಟುಂಬಗಳಲ್ಲಿ ಒಡಹುಟ್ಟಿದವರಲ್ಲಿ ಒಟ್ಟಾಗಿ ಕಾಣಿಸುವುದನ್ನು ನೋಡಿ, ವಂಶವಾಹಿಯ ಗುಣವೆಂದೇ ಅವರು ಭಾವಿಸಿದ್ದರು. ಆದರೆ ಡೌನ್ ಸಿಂಡ್ರೋಮ್ ಇದ್ದ ಒಬ್ಬ ಹುಡುಗನ ರಕ್ತದಲ್ಲಿ ಮೊದಲ ಪರೀಕ್ಷೆಯಲ್ಲಿ ಇಲ್ಲದ ಆಂಟಿಜೆನ್ ಮುಂದಿನ ಪರೀಕ್ಷೆಯಲ್ಲಿ ಸಿಕ್ಕಿತು. ಅವನ ಯಕೃತ್ತು ಊದಿಕೊಂಡಿತ್ತು. ಹುಟ್ಟಿನಿಂದ ಬರಬೇಕಾದ ಗುಣ ನಡುವೆ ಬರುವುದು ಹೇಗೆ? ಆ ಆಂಟಿಜೆನ್ ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚವೆಂದು ಕ್ರಮೇಣ ಸ್ಪಷ್ಟವಾಯಿತು. 1976ರಲ್ಲಿ ಬ್ಲಂಬರ್ಗ್‌ಗೆ ನೊಬೆಲ್ ಬಂತು.

ತೈವಾನ್‌ನಲ್ಲಿ ಕ್ಲಾಡಿಯಾ ಸ್ಟೀವನ್ಸ್, ಪಾಮರ್ ಬೀಸ್ಲಿ ಮತ್ತು ಸಂಗಡಿಗರು ಸೋಂಕು ತಾಯಿಯಿಂದ ಶಿಶುವಿಗೆ ಹೋಗುವುದನ್ನು 1975ರಲ್ಲಿ ತೋರಿಸಿದರು. ಹೆಚ್ಚಿನಂಶ ಇದು ಹೆರಿಗೆಯ ಹೊತ್ತಿನಲ್ಲಿ, ತಾಯಿಯ ರಕ್ತ ತಾಗಿ ಆಗುತ್ತದೆ. ವಯಸ್ಕರಿಗೆ ತಗಲಿದರೆ ನೂರಕ್ಕೆ ತೊಂಬತ್ತೈದು ಮಂದಿ ಚೇತರಿಸಿಕೊಳ್ಳುತ್ತಾರೆ. ನವಜಾತ ಶಿಶುಗಳಲ್ಲಿ ಸುಮಾರು ತೊಂಬತ್ತು ಮಂದಿಗೆ ಅದು ದೀರ್ಘಕಾಲ ಅಂಟಿಕೊಳ್ಳುತ್ತದೆ. ಹೀಗೆ ಸೋಂಕಿತಳಾದ ಹೆಣ್ಣುಮಗು ಬೆಳೆದು ತಾಯಿಯಾದಾಗ ಸರಪಳಿ ಮುಂದುವರಿಯುತ್ತದೆ. ಅಜ್ಜಿ, ತಾಯಿ, ಮಗಳು ಎಂಬ ಈ ಸಾಲು ಆನುವಂಶಿಕತೆಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆಫ್ರಿಕದ ಹಲವೆಡೆ ಮಕ್ಕಳಿಂದ ಮಕ್ಕಳಿಗೆ ಹರಡುವುದೇ ಹೆಚ್ಚು. ದೇಹದ ಹೊರಗೂ ವೈರಾಣು ಏಳು ದಿನವಾದರೂ ಬದುಕಬಲ್ಲದು. ತರಚು ಗಾಯ, ಹಂಚಿಕೊಂಡ ರೇಜರ್, ಹಲ್ಲುಜ್ಜುವ ಬ್ರಶ್ ಸಾಕು. ದಂಪತಿಗಳ ನಡುವೆ ಲೈಂಗಿಕ ಸಂಪರ್ಕದಿಂದಲೂ ದಾಟುತ್ತದೆ. ಜೊತೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ ಹರಡುವುದಿಲ್ಲ. ಸೋಂಕಿತರಿಗೆ ತಟ್ಟೆ ಲೋಟ ಬೇರೆ ಮಾಡುವುದು ಬರಿಯ ಕ್ರೌರ್ಯ.

ತೈವಾನ್ 1984ರಲ್ಲಿ ಸೋಂಕಿತ ತಾಯಂದಿರ ಶಿಶುಗಳಿಗೆ, ಎರಡು ವರ್ಷಗಳ ಬಳಿಕ ಎಲ್ಲ ನವಜಾತ ಶಿಶುಗಳಿಗೆ ಲಸಿಕೆ ಹಾಕತೊಡಗಿತು. ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿದದ್ದು 1997ರ ವರದಿಯಲ್ಲಿ ದಾಖಲಾಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆದ ಮೊದಲ ನಿದರ್ಶನವಿದು. ಭಾರತದಲ್ಲಿ 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಲಸಿಕೆ 2011ರ ಹೊತ್ತಿಗೆ ದೇಶವಿಡೀ ಹಬ್ಬಿತು. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ಮನೆಯಲ್ಲೇ ಹೆರಿಗೆಯಾದ ಕೂಸಿಗೆ ಇದು ತಪ್ಪುವುದೇ ಹೆಚ್ಚು. ಗರ್ಭಿಣಿಯ ರಕ್ತದಲ್ಲಿ ಸೋಂಕು ಕಂಡರೆ ಗಂಡ, ಹಿರಿಯ ಮಕ್ಕಳು, ಆಕೆಯ ತಾಯಿ, ಒಡಹುಟ್ಟಿದವರು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.