ಕತ್ತಿ ತೊಳೆದ ನೆಲ, ಕೈಮುಗಿದ ವೀರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಗೆ ಯುದ್ಧ ಹೊಸದಲ್ಲ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ಸೇವುಣರು ಈ ಎರೆಹೊಲಗಳಿಗಾಗಿ ಹೊಡೆದಾಡಿದವರೇ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ್ದು ಗದಗಿನ ಹತ್ತಿರದ ಸೊರಟೂರಿನಲ್ಲಿ. ಇಂಥ ಕಾಳಗಗಳ ಸಾವನ್ನು ಶಾಂತಿಯತ್ತ ತಿರುಗಿಸಿದ ನಮ್ಮದೇ ಕಲೆಯೊಂದಿದೆ. ಅದು ಮಡಿದವರ ನೆನಪಿಗೆ ನಿಲ್ಲಿಸುವ ವೀರಗಲ್ಲು.

ಕೆಳಗಿನಿಂದ ಓದುವ ಕಲ್ಲು

ವೀರಗಲ್ಲನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಕಡೆದಿರುತ್ತಾರೆ, ಓದಬೇಕಾದ್ದು ಬುಡದಿಂದ. ಕೆಳಗೆ ಕಾಳಗ: ಎತ್ತಿದ ಕತ್ತಿ, ನಾಟಿದ ಬಾಣ, ಕಾಲಡಿ ಬಿದ್ದ ಹೆಣ, ಕೆಲವೆಡೆ ದನಗಳ ಸಾಲು. ನಡುವೆ ಅಪ್ಸರೆಯರು ಸತ್ತವನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಲಿಂಗ, ನಂದಿ, ಪೂಜೆಯ ಗೊರವ (ಶೈವ ಪೂಜಾರಿ), ಸೂರ್ಯ-ಚಂದ್ರ. ವೀರ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ.

ಮೇಲಿನ ಹಂತದಲ್ಲಿ ಕುಳಿತ ವೀರನ ಕೈಗಳನ್ನು ನೋಡಿ. ಅಲ್ಲಿ ಆಯುಧವಿಲ್ಲ, ಕೈ ಮುಗಿದಿವೆ. ಒಂದೇ ಕಲ್ಲಿನೊಳಗೆ ಶಿಲ್ಪಿ ಒಬ್ಬ ಮನುಷ್ಯನ ಕೈಯಿಂದ ಕತ್ತಿ ಬಿಡಿಸಿದ್ದಾನೆ. ಯುದ್ಧವನ್ನು ಮೆರೆಸುವ ಕಲೆಯೆಂದು ಇದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಸತ್ತವರೆಲ್ಲ ಅರಸರ ದಂಡಿನವರೂ ಅಲ್ಲ. ತುರು ಬಿಡಿಸಲು ಹೋದವರು, ಹೆಣ್ಣುಮಕ್ಕಳ ಮಾನ ಕಾಯಲು ನಿಂತವರು, ಊರಳಿವಿನಲ್ಲಿ ಮಡಿದವರು ಬಹಳ. ತುರುಗೊಳ್ (ದನಗಳ ಅಪಹರಣ), ಪೆಣ್ಬುಯ್ಯಲ್ (ಹೆಣ್ಣಿನ ಗೋಳು) ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಬಾಳ್ಗಚ್ಚು

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿಗೂ ನಮ್ಮ ಸೀಮೆಗೂ ನಂಟಿದೆ. ಅದರ ಶಾಸನ ಹೇಳುವಂತೆ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ. ಅವನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಕೊಟ್ಟ ನಾಡುಗಳಲ್ಲಿ ಬೆಳ್ವೊಲ 300, ಪುಲಿಗೆರೆ 300 ಸೇರಿದ್ದವು. ಗದಗಿನ ಸುತ್ತಲ ನಾಡೇ ಬೆಳ್ವೊಲ, ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಬೂತುಗ ತನ್ನ ಬಂಟ ಮಣಲೆರನಿಗೆ ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟ. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ನೆತ್ತರಾದ ಕತ್ತಿ ತೊಳೆದು ಕೊಟ್ಟ ನೆಲವದು, ಉತ್ತು ಬಿತ್ತುವ ನೆಲ. ಮಡಿದವನ ಮನೆಯವರಿಗೆ ಕೊಡುವ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೂ ಇತ್ತು.

ಆತಕೂರಿನ ಕಲ್ಲಿನಲ್ಲಿ ಕೆತ್ತಿರುವುದು ಮಾತ್ರ ತಕ್ಕೋಲದ ರಣವಲ್ಲ. ಮಣಲೆರ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದುತ್ತಿರುವ ಚಿತ್ರ. ಎರಡೂ ಸತ್ತವು. ಆ ಕಲ್ಲಿನ ಪೂಜೆಗೂ ಭೂಮಿ ಬಿಟ್ಟಿದ್ದರು. ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆಂದು ಶಾಸನ ಎಚ್ಚರಿಸುತ್ತದೆ. 949-50ರ ಸುಮಾರಿನ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬಂದೂಕಿನ ಕುರ್ಚಿ

ಆಯುಧವನ್ನು ಬದುಕಿನತ್ತ ತಿರುಗಿಸುವ ಇಂಥ ಕೆಲಸ ನಮ್ಮ ಕಾಲದಲ್ಲೂ ನಡೆದಿದೆ. ಮೊಜಾಂಬಿಕ್‌ನಲ್ಲಿ 1992ಕ್ಕೆ ಅಂತರ್ಯುದ್ಧ ಮುಗಿಯಿತು. 1995ರಿಂದ ಅಲ್ಲಿಯ ಕ್ರೈಸ್ತ ಸಭೆಗಳು ಬಂದೂಕು ತಂದೊಪ್ಪಿಸಿದವರಿಗೆ ಹೊಲಿಗೆ ಯಂತ್ರ, ಸೈಕಲ್, ಬೇಸಾಯದ ಸಾಮಾನು ಕೊಟ್ಟವು. ನಿಷ್ಕ್ರಿಯಗೊಳಿಸಿದ ಆ ಬಂದೂಕುಗಳಿಂದ ಕಲಾವಿದ ಕೆಸ್ಟರ್ 2001ರಲ್ಲಿ ಒಂದು ಸಿಂಹಾಸನ ಮಾಡಿದ. ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬಂದೂಕಿಗೆ ಗುದ್ದಲಿ, ಕತ್ತಿಗೆ ಹೊಲ: ಸಾವಿರ ವರ್ಷ ದೂರದ ಎರಡು ನಾಡುಗಳ ಲೆಕ್ಕ ಒಂದೇ.

ಉಳಿಸಿಕೊಳ್ಳುವುದು

ಆರ್. ಶೇಷಶಾಸ್ತ್ರಿ ವೀರಗಲ್ಲುಗಳ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಚಿದಾನಂದಮೂರ್ತಿಯವರ ಶಾಸನ ಅಧ್ಯಯನದಲ್ಲೂ ಇವುಗಳ ವಿವರ ಸಿಗುತ್ತದೆ. ಆದರೂ ಬಟ್ಟೆ ಒಗೆಯುವ ಬಂಡೆಯಾದವು, ಗೋಡೆಗೆ ಸೇರಿದವು ಎಷ್ಟೋ. ನಿಮ್ಮೂರಿನ ಗುಡಿಯ ಮಗ್ಗುಲಲ್ಲಿ ಇಂಥ ಕಲ್ಲಿದ್ದರೆ ಬಣ್ಣ ಬಳಿಯಬೇಡಿ, ಕಿತ್ತು ಸಾಗಿಸಬೇಡಿ. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.