ಗಂಬೂಟು ಯಾರ ಕಾಲಿಗೆ?

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಬಹಳಷ್ಟು ಮನೆಗಳ ಕೊಟ್ಟಿಗೆ ಬಾಗಿಲಲ್ಲಿ ಗಂಬೂಟು ಬಂದು ನಿಲ್ಲುತ್ತದೆ. ಹೆಚ್ಚಾಗಿ ಒಂದೇ ಜೋಡಿ. ಅದೂ ಮನೆ ಯಜಮಾನರ ಅಳತೆಯದು. ಸಗಣಿ ಬಾಚುವ ಅಮ್ಮ, ಸೊಪ್ಪು ಹೊರುವ ಅಕ್ಕ, ತೋಟಕ್ಕೆ ಕೆಲಸಕ್ಕೆ ಬರುವ ಅಣ್ಣ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಇರುತ್ತಾರೆ.

ಬಾಳಿಕೆ ಬರುವ ಗಂಬೂಟು ಆರಿಸುವುದು ಹೇಗೆ ಎಂದು ಬರೆಯಲು ನಾವು ಕೂತೆವು. ಬೂಟಿನ ಚರಿತ್ರೆ ಓದುತ್ತಾ ಹೋದಂತೆ ಉತ್ತರ ಅದರಲ್ಲೇ ಇದೆ ಅನ್ನಿಸಿತು. ಈ ಬೂಟಿನ ಒಂದೊಂದು ಗುಣವೂ ಯಾರದೋ ಕಾಲಿನ ಒಂದೊಂದು ಕಷ್ಟಕ್ಕೆ ಸಿಕ್ಕ ಉತ್ತರ.

ಕಥೆಯ ಮೊದಲ ಮನುಷ್ಯ ನಮ್ಮ ನೆಲಕ್ಕೂ ಬಂದಿದ್ದವನೇ. 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು ಬಂದಿದ್ದ ಇಂಗ್ಲಿಷ್ ಸೈನ್ಯದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ನೀರಿನ ಕಾಲುವೆಗಳಿದ್ದ ಸುಲ್ತಾನ್‌ಪೇಟೆ ತೋಪಿಗೆ ಕತ್ತಲಲ್ಲಿ ನುಗ್ಗಿದ. ಟಿಪ್ಪುವಿನ ಸೈನಿಕರ ಹೊಡೆತ ತಡೆಯಲಾಗದೆ ಹಿಂದೆ ಸರಿದ. ತಿಂಗಳೊಳಗೆ ಕೋಟೆ ಬಿತ್ತು, ಅವನೇ ಪಟ್ಟಣದ ಉಸ್ತುವಾರಿಯಾದ. ಮುಂದೆ ಇಂಗ್ಲೆಂಡಿನಲ್ಲಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡು, 1815ರಲ್ಲಿ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇವನೇ.

ಆಗ ಕುದುರೆ ಸವಾರರು ಗೊಂಡೆ ಕಟ್ಟಿದ ಎತ್ತರದ ಬೂಟು ಹಾಕುತ್ತಿದ್ದರು. ವೆಲ್ಲಿಂಗ್ಟನ್ ತನ್ನ ಬೂಟು ಹೊಲಿಯುವ ಲಂಡನ್ನಿನ ಹೋಬಿಗೆ ಹೇಳಿ, ಗೊಂಡೆ ತೆಗೆಸಿ, ಕಾಲಿಗೆ ಒಪ್ಪವಾಗಿ ಕೂರುವ ಸರಳ ಬೂಟು ಮಾಡಿಸಿದ. ಅದು ಕರುವಿನ ಚರ್ಮದ್ದು. ಯುದ್ಧ ಗೆದ್ದವನ ಬೂಟು ಅಂದಮೇಲೆ ಶ್ರೀಮಂತರೆಲ್ಲ ಅದನ್ನೇ ಕೇಳಿದರು. ಇಂಗ್ಲೆಂಡಿನವರು ಇವತ್ತಿಗೂ ಗಂಬೂಟಿಗೆ ವೆಲ್ಲಿಂಗ್ಟನ್ ಎಂದೇ ಹೇಳುತ್ತಾರೆ. ಆದರೆ ಕೆಸರಲ್ಲಿ ದುಡಿಯುವವನಿಗೂ ಆ ಬೂಟಿಗೂ ಸಂಬಂಧ ಇರಲಿಲ್ಲ. ಬೆಲೆಯೂ ಎಟುಕುತ್ತಿರಲಿಲ್ಲ, ಚರ್ಮ ನೀರಲ್ಲಿ ನೆನೆದರೆ ಉಳಿಯುತ್ತಲೂ ಇರಲಿಲ್ಲ.

ನೀರಿಗೆ ಉತ್ತರ ಕೊಟ್ಟಿದ್ದು ಮರದ ಹಾಲು. ಗಂಬೂಟು ಎಂಬ ಹೆಸರಿನಲ್ಲಿರುವ 'ಗಮ್' ಎಂದರೆ ರಬ್ಬರ್ ಮರದ ಅಂಟು. ಆದರೆ ಹಸಿ ರಬ್ಬರ್ ಬಿಸಿಲಿಗೆ ಅಂಟಂಟಾಗುತ್ತಿತ್ತು, ಚಳಿಗೆ ಸೆಟೆದು ಬಿರುಕು ಬಿಡುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲು ಚಳಿ ಎರಡನ್ನೂ ತಾಳುತ್ತದೆ ಎಂದು ಕಂಡುಕೊಂಡ. 1844ರಲ್ಲಿ ಪೇಟೆಂಟ್ ಪಡೆದ. ಆ ವಿಧಾನದಿಂದ ಪಾದರಕ್ಷೆ ಮಾಡುವ ಹಕ್ಕು ಕೊಂಡ ಹೈರಮ್ ಹಚಿನ್‌ಸನ್ ಎಂಬ ಅಮೆರಿಕನ್ 1853ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆ ತೆರೆದ. ಅಲ್ಲಿನ ರೈತರು ಮರ ಕೊರೆದು ಮಾಡಿದ ಮೆಟ್ಟು ಹಾಕಿ ಹೊಲಕ್ಕೆ ಹೋಗುತ್ತಿದ್ದರು. ರಬ್ಬರ್ ಬೂಟು ಬಂದಮೇಲೆ ಸಂಜೆ ಒಣ ಕಾಲಲ್ಲಿ ಮನೆಗೆ ಬರುವಂತಾಯಿತು.

ಇಂಗ್ಲೆಂಡಿನಲ್ಲಿ ಈ ಬೂಟನ್ನು ಊರೂರಿಗೆ ತಲುಪಿಸಿದ್ದು ಯುದ್ಧ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ನೀರು ನಿಂತು ಸೈನಿಕರ ಪಾದ ಕೊಳೆಯತೊಡಗಿತು. ಹಲವರು ಕಾಲನ್ನೇ ಕಳೆದುಕೊಂಡರು. ಎಡಿನ್‌ಬರೋದ ನಾರ್ತ್ ಬ್ರಿಟಿಷ್ ರಬ್ಬರ್ ಕಂಪನಿ ಸೈನ್ಯಕ್ಕಾಗಿ ಸುಮಾರು 12 ಲಕ್ಷ ಜೋಡಿ ಬೂಟು ಮಾಡಿಕೊಟ್ಟಿತು. ಯುದ್ಧ ಮುಗಿದ ಮೇಲೆ ರೈತರು, ಕೂಲಿಗಳು ಅದನ್ನೇ ಹಾಕಿಕೊಂಡರು.

ಬರಿಗಾಲಿಗೆ ಇನ್ನೊಂದು ಶತ್ರುವಿದೆ ಎಂಬುದು ಅದಕ್ಕೂ ಮೊದಲೇ ಗೊತ್ತಾಗಿತ್ತು. 1898ರಲ್ಲಿ ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿಯ ಕೈಮೇಲೆ ಕೊಕ್ಕೆಹುಳುವಿನ ಮರಿಗಳಿದ್ದ ನೀರು ಚೆಲ್ಲಿತು. ಚರ್ಮ ತುರಿಸಿತು. ಕೆಲವು ವಾರಗಳ ನಂತರ ಅವನ ಮಲದಲ್ಲಿ ಆ ಹುಳುವಿನ ಮೊಟ್ಟೆ ಸಿಕ್ಕವು. ಹುಳು ಬಾಯಿಯಿಂದಷ್ಟೇ ಅಲ್ಲ, ಚರ್ಮದಿಂದಲೂ ಒಳಹೋಗುತ್ತದೆ ಎಂದು ಹೀಗೆ ತಿಳಿಯಿತು. ತೇವದ ಮಣ್ಣಿನಿಂದ ಅಂಗಾಲು ಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. 'ಸೋಮಾರಿ' ಎಂದು ಬೈಸಿಕೊಂಡ ಎಷ್ಟೋ ಬಡವರಿಗೆ ಇದ್ದದ್ದು ಸೋಮಾರಿತನವಲ್ಲ, ರಕ್ತಹೀನತೆ.

ಈಗ ನಮ್ಮೂರಿಗೆ ಬರೋಣ. ಇಲ್ಲಿ ಬರಿಗಾಲಿಗೆ ಕಾರಣ ಬಡತನ ಒಂದೇ ಅಲ್ಲ. ಭೂಮಿತಾಯಿ ಎಂದು ಚಪ್ಪಲಿ ಕಳಚಿ ಹೊಲಕ್ಕೆ ಇಳಿಯುವವರಿದ್ದಾರೆ. ಅದು ಅವರವರ ಭಕ್ತಿ. ಆದರೆ ಮೇಲ್ಜಾತಿಯವರ ಬೀದಿಯಲ್ಲಿ ದಲಿತರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದು ಭಕ್ತಿಯಿಂದಲ್ಲ. ಮೆಟ್ಟು ಹೊಲಿದ ಕೈಯವರಿಗೇ ಮೆಟ್ಟು ಹಾಕಲು ಬಿಡದ ಊರುಗಳು ನಮ್ಮವು. ಕಾಲಿಗೆ ಏನು ಹಾಕಬೇಕು ಎಂಬುದನ್ನು ಅಂಗಡಿಗಿಂತ ಮೊದಲು ಊರು ತೀರ್ಮಾನಿಸುತ್ತಿತ್ತು.

ಕಾಯಿಲೆಗೆ ಮಾತ್ರ ಬೀದಿ ಯಾವುದೆಂದು ಗೊತ್ತಾಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ ಎಂದು ಗೊತ್ತಾದ ಮೇಲೆ, ಕಾಡಿಗೆ ಹೋಗುವವರು ಮೈತುಂಬ ಬಟ್ಟೆ, ಕಾಲಿಗೆ ಬೂಟು ಹಾಕಬೇಕು ಎಂಬ ಮಾತು ಮಲೆನಾಡಿಗೆ ಬಂತು. ಇಲಿ ಜ್ವರದ ರೋಗಾಣು ಇಲಿಯ ಮೂತ್ರ ಸೇರಿದ ನೀರಿನಲ್ಲಿದ್ದು ಕಾಲಿನ ಗಾಯ, ಬಿರುಕಿನಿಂದ ಒಳಹೋಗುತ್ತದೆ. ಹಾವು ಹೆಚ್ಚಾಗಿ ಕಚ್ಚುವುದೂ ಪಾದ ಮತ್ತು ಮೊಣಕಾಲಿನ ಕೆಳಗೆ. 2000ರಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಎಂದು ಕರ್ನಾಟಕ 2024ರಲ್ಲಿ ಆದೇಶಿಸಿತು.

ಹಾಗಾದರೆ ಯಾವ ಬೂಟು ತರುವುದು? ನಿಮ್ಮ ಕಾಲಿನ ಕಷ್ಟ ಯಾವುದು ಎಂದು ಮೊದಲು ನೋಡಿ.

ಹಾವು, ಇಂಬಳ, ಉಣುಗು ಇರುವಲ್ಲಿ ಮೊಣಕಾಲಿನ ಹತ್ತಿರದವರೆಗೆ ಬರುವ ಬೂಟು ಬೇಕು. ಕೊಟ್ಟಿಗೆ ತೊಳೆಯಲು ಗಿಡ್ಡದು ಸಾಕು. ಉಣುಗಿನ ಕಾಡಿಗೆ ಹೋಗುವಾಗ ಪ್ಯಾಂಟನ್ನು ಬೂಟಿನೊಳಗೆ ಸೇರಿಸಿ. ಔಷಧ ಹೊಡೆಯುವಾಗ ಪ್ಯಾಂಟು ಬೂಟಿನ ಮೇಲೆ, ಹೊರಗೆ ಇರಲಿ. ಇಲ್ಲವಾದರೆ ಇಳಿದ ದ್ರಾವಣ ಬೂಟಿನೊಳಗೇ ತುಂಬುತ್ತದೆ.

ಅಂಗಡಿಯಲ್ಲಿ ಸಿಗುವ ಕಡಿಮೆ ಬೆಲೆಯ ಬೂಟುಗಳು ಬಹುತೇಕ ಪಿವಿಸಿ. ಅದನ್ನು ಮೆತ್ತಗೆ ಮಾಡುವ ದಾರಿಯನ್ನು ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಕಂಡುಹಿಡಿದ. ಅಚ್ಚಿನಲ್ಲಿ ಒಂದೇ ತುಂಡಾಗಿ ಬರುವುದರಿಂದ ನೀರು ಸೋರುವ ಕೀಲು ಕಡಿಮೆ. ಬಿಸಿಲಲ್ಲಿ ಬಿಟ್ಟರೆ ವರ್ಷಗಳಲ್ಲಿ ಗಡುಸಾಗಿ ಒಡೆಯುತ್ತದೆ. ರಬ್ಬರ್ ಬೂಟು ಕಾಲಿಗೆ ಹಗುರವಾಗಿ ಬಾಗುತ್ತದೆ, ಆದರೆ ಡೀಸೆಲ್, ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ. ಪಂಪು, ಟಿಲ್ಲರ್ ಕೆಲಸ ಹೆಚ್ಚಿದ್ದರೆ ಪಿವಿಸಿ ವಾಸಿ.

ಕೊಳ್ಳುವಾಗ ಹಿಮ್ಮಡಿಯ ಮೇಲೆ ಬಗ್ಗಿಸಿ ನೋಡಿ. ಗೆರೆಯಲ್ಲಿ ಬಿರುಕು ಕಂಡರೆ ಬೇಡ. ಅಟ್ಟೆಯ ಗೀರುಗಳು ಆಳವಾಗಿ, ಅಗಲವಾಗಿ ಇರಲಿ. ಕಿರಿದಾದರೆ ಮಣ್ಣು ತುಂಬಿ ಪಾಚಿಯ ಮೇಲೆ ಜಾರುತ್ತದೆ. ಕಾಲು ಸ್ವಲ್ಪ ಊದಿರುವ ಸಂಜೆ ಹೊತ್ತಲ್ಲಿ, ಕಾಲುಚೀಲ ಹಾಕಿಯೇ ಅಳತೆ ನೋಡಿ. ಹಿಮ್ಮಡಿ ಮೇಲೆ ಕೆಳಗೆ ಆಡಿದರೆ ಎರಡೇ ದಿನಕ್ಕೆ ಬೊಬ್ಬೆ ಏಳುತ್ತದೆ. ಕೆಲಸ ಮುಗಿದ ಮೇಲೆ ತೊಳೆದು, ತಲೆಕೆಳಗು ಮಾಡಿ ನೆರಳಲ್ಲಿ ಒಣಗಿಸಿ. ಒಲೆಯ ಪಕ್ಕ ಇಡಬೇಡಿ. ಬೆಳಿಗ್ಗೆ ಹಾಕುವ ಮುಂಚೆ ಕೊಡವಿ, ಚೇಳೋ ಹಾವಿನ ಮರಿಯೋ ಸೇರಿಕೊಂಡಿರಬಹುದು.

ಒಂದು ಮಾತು ಒಪ್ಪಬೇಕು. ಉತ್ತು ಕೆಸರು ಮಾಡಿದ ನಾಟಿ ಗದ್ದೆಗೆ ಈ ಬೂಟು ಆಗುವುದಿಲ್ಲ. ಕೆಸರು ಬೂಟನ್ನು ಹಿಡಿದುಕೊಳ್ಳುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಅಲ್ಲಿ ಬಗ್ಗಿ ದುಡಿಯುವವರು ಹೆಚ್ಚಾಗಿ ಹೆಂಗಸರು. ಅವರ ಕಾಲಿಗೆ ಗಾಯವಿದ್ದರೆ ಇಳಿಸಬೇಡಿ. ನಾಟಿಯ ದಿನಗಳಲ್ಲಿ ಜ್ವರ ಬಂದರೆ ಡಾಕ್ಟರಿಗೆ 'ಗದ್ದೆಗೆ ಇಳಿದಿದ್ದೆ' ಎಂದು ಹೇಳಲು ಮರೆಯಬಾರದು.

ಉಳಿದ ಕೆಲಸಕ್ಕೆ ಅವರಿಗೂ ಬೂಟು ಬೇಕು. ನಾವು ನೋಡಿದ ಅಂಗಡಿಗಳಲ್ಲಿ ಇದ್ದದ್ದು 7, 8, 9ರ ಅಳತೆಯವು. 4, 5 ಕೇಳಿದರೆ 'ಯಾರೂ ಒಯ್ಯಲ್ಲ, ಅದಕ್ಕೇ ತರಿಸಲ್ಲ' ಅಂದರು. ಕೇಳುವವರಿದ್ದರೆ ತರಿಸುತ್ತಾರೆ.

ಈ ಸಲ ಬೂಟಿಗೆ ಪೇಟೆಗೆ ಹೊರಡುವ ಮುಂಚೆ ಹಳೆ ಪೇಪರಿನ ಮೇಲೆ ಅಮ್ಮನ ಪಾದ ಇಡಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ತೋಟಕ್ಕೆ ಬರುವ ಅಣ್ಣ, ಅಕ್ಕನ ಪಾದದ್ದೂ ಇರಲಿ. ಆ ಪೇಪರನ್ನು ಅಂಗಡಿಯವರ ಮುಂದೆ ಹಾಸಿ, 'ಈ ಅಳತೆಯದು ಕೊಡಿ' ಎನ್ನಿ.