1914ರ ಆಗಸ್ಟ್: ಪ್ಯಾರಿಸ್ಸಿನಲ್ಲಿ ಸಿಕ್ಕಿಕೊಂಡ ಗೋಖಲೆ, ಲಂಡನ್ನಿನಲ್ಲಿ ಕಾದ ಗಾಂಧಿ

ಘಟಪ್ರಭೆಗೆ ಹೊಳೆ ಬಂದರೆ ಏನಾಗುತ್ತದೆ ಎಂದು ಕೌಜಲಗಿ, ಮೂಡಲಗಿ, ಗೋಕಾಕ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಗೋಕಾಕ ಹತ್ತಿರದ ಲೋಳಸೂರ ಸೇತುವೆ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಸೇತುವೆ ಮುಳುಗಿದರೆ ಆಚೆ ದಂಡೆಯವರು ಆಚೆ, ಈಚೆ ದಂಡೆಯವರು ಈಚೆ. ಕಿಸೆಯಲ್ಲಿ ರೊಕ್ಕ ಇದ್ದರೂ ಬಸ್ಸಿಲ್ಲ. ನೀರು ಇಳಿಯುವ ತನಕ ಕಾಯಬೇಕು, ಅಷ್ಟೇ.

1914ರ ಆಗಸ್ಟ್‌ನಲ್ಲಿ ಇಡೀ ಯುರೋಪಿಗೆ ಹೀಗೇ ಆಯಿತು. ಅಲ್ಲಿ ದಾರಿ ಕಟ್ಟಿದ್ದು ಮೊದಲ ಮಹಾಯುದ್ಧ. ಆಗ ಅಲ್ಲಿ ಸಿಕ್ಕಿಕೊಂಡವರಲ್ಲಿ ಮೂವರ ಕಥೆ ನಮ್ಮ ಬೆಳಗಾವಿ ಜಿಲ್ಲೆಯ ಇತಿಹಾಸಕ್ಕೂ ಬಂದು ಮುಟ್ಟುತ್ತದೆ. ಅವರು ಗೋಪಾಲಕೃಷ್ಣ ಗೋಖಲೆ, ಮೋಹನದಾಸ ಗಾಂಧಿ ಮತ್ತು ಹರ್ಮನ್ ಕಾಲನ್‌ಬಾಕ್.

ಕಾಗದ ಕೇಳದ ಕಾಲ

ಇವತ್ತು ಯುರೋಪಿಗೆ ಹೋಗಬೇಕೆಂದರೆ ಪಾಸ್‌ಪೋರ್ಟ್, ವೀಸಾ, ಬ್ಯಾಂಕಿನ ಲೆಕ್ಕಪತ್ರ, ವಿಮೆ ಎಲ್ಲ ಬೇಕು. 1914ಕ್ಕೆ ಮೊದಲು ಇಷ್ಟು ತೊಡಕಿರಲಿಲ್ಲ. ರಷ್ಯಾ, ತುರ್ಕಿಯಂಥ ಕೆಲವು ರಾಜ್ಯಗಳನ್ನು ಬಿಟ್ಟರೆ ಯುರೋಪಿನ ಬಹುತೇಕ ದೇಶಗಳಲ್ಲಿ ರೈಲು ಟಿಕೆಟ್ ಕೊಂಡವನು ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟಬಹುದಿತ್ತು. ಬೇಸಿಗೆ ಬಂತೆಂದರೆ ಉಳ್ಳವರು ತಿರುಗಾಡಲು, ಹವಾ ಬದಲಿಸಲು, ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದು ಆರೋಗ್ಯ ಸುಧಾರಿಸಿಕೊಳ್ಳಲು ಹೊರಡುತ್ತಿದ್ದರು.

ಆ ವರ್ಷ ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು. 3ರಂದು ಫ್ರಾನ್ಸ್ ಮೇಲೆ ಸಾರಿತು. 4ರ ರಾತ್ರಿ ಬ್ರಿಟನ್ ಜರ್ಮನಿಯ ಮೇಲೆ ಸಾರಿತು. ನಾಲ್ಕೇ ದಿನಗಳಲ್ಲಿ ರೈಲುಗಳು ಸೈನ್ಯದ ಪಾಲಾದವು. ಬ್ರಿಟನ್ನಿನಲ್ಲಿ ಬ್ಯಾಂಕುಗಳ ರಜೆಯನ್ನು ಮೂರು ದಿನ ಮುಂದುವರಿಸಿದರು. ಪ್ರವಾಸಿಗರ ಕೈಯಲ್ಲಿದ್ದ ಚೆಕ್ಕುಗಳನ್ನು ಹೋಟೆಲಿನವರು ಮುಟ್ಟಲೊಲ್ಲದಾದರು. ಅಮೆರಿಕದವರೇ ಲಕ್ಷದಷ್ಟು ಮಂದಿ ಯುರೋಪಿನಲ್ಲಿ ಸಿಕ್ಕಿಕೊಂಡಿದ್ದರು. ಅವರಿಗಾಗಿ ಅಮೆರಿಕ ಸರ್ಕಾರ ‘ಟೆನೆಸ್ಸಿ’ ಎಂಬ ಯುದ್ಧನೌಕೆಯಲ್ಲಿ ಬಂಗಾರ ಕಳಿಸಿತು. ಲಂಡನ್ನಿನಲ್ಲಿ ಅವರನ್ನು ಊರಿಗೆ ಕಳಿಸುವ ಕೆಲಸ ನೋಡಿಕೊಂಡ ಹರ್ಬರ್ಟ್ ಹೂವರ್ ಎಂಬ ಎಂಜಿನಿಯರ್ ಮುಂದೆ ಅಮೆರಿಕದ ಅಧ್ಯಕ್ಷನಾದ.

ನಮ್ಮವರಿಗೆ ಬಂಗಾರದ ಹಡಗು ಬರಲಿಲ್ಲ.

ಕಾಲುವೆಯಲ್ಲಿ ನಿಂತ ಹಡಗು

ಗಾಂಧಿ ದಕ್ಷಿಣ ಆಫ್ರಿಕಾದ ಹೋರಾಟ ಮುಗಿಸಿ, ಲಂಡನ್ನಿನಲ್ಲಿ ಗೋಖಲೆಯವರನ್ನು ಕಂಡು, ಅಲ್ಲಿಂದ ಭಾರತಕ್ಕೆ ಬರುವುದೆಂದು ಹೊರಟಿದ್ದರು. ಗೋಖಲೆ ಅವರನ್ನು ಗಾಂಧಿ ತಮ್ಮ ರಾಜಕೀಯ ಗುರು ಎಂದು ಭಾವಿಸಿದ್ದರು. 1914ರ ಜುಲೈ 18ರಂದು ಕೇಪ್‌ಟೌನಿನಿಂದ ‘ಕಿನ್‌ಫಾನ್ಸ್ ಕ್ಯಾಸಲ್’ ಹಡಗಿನ ಮೂರನೇ ದರ್ಜೆಯಲ್ಲಿ ಗಾಂಧಿ, ಕಸ್ತೂರಬಾ ಮತ್ತು ಕಾಲನ್‌ಬಾಕ್ ಹತ್ತಿದರು. ಕಾಲನ್‌ಬಾಕ್ ಜೋಹಾನ್ಸ್‌ಬರ್ಗಿನಲ್ಲಿದ್ದ ಜರ್ಮನ್ ಯಹೂದಿ ವಾಸ್ತುಶಿಲ್ಪಿ. ಸತ್ಯಾಗ್ರಹಿಗಳ ಕುಟುಂಬಗಳು ಉಳಿಯಲೆಂದು 1910ರಲ್ಲಿ 1,100 ಎಕರೆ ಜಮೀನು ಬಿಟ್ಟುಕೊಟ್ಟವರು ಅವರೇ. ಅದೇ ಟಾಲ್‌ಸ್ಟಾಯ್ ಫಾರ್ಮ್. ಗಾಂಧಿಯ ಜೊತೆ ಭಾರತದಲ್ಲೇ ನೆಲೆಸುವುದು ಅವರ ಆಸೆ.

ಹಡಗು ಮಡೈರಾ ದ್ವೀಪ ಮುಟ್ಟಿದಾಗ ಯುದ್ಧ ಯಾವ ಗಳಿಗೆಯಲ್ಲಾದರೂ ಆಗಬಹುದು ಎಂಬ ಸುದ್ದಿ ಬಂತು. ಇಂಗ್ಲಿಷ್ ಕಾಲುವೆಗೆ ಬರುವ ಹೊತ್ತಿಗೆ ಯುದ್ಧ ಆಗಿಯೇ ಹೋಗಿತ್ತು. ನೀರಿನಡಿ ಸಿಡಿಗುಂಡುಗಳನ್ನು ಹುದುಗಿಸಿದ್ದರಿಂದ ಹಡಗನ್ನು ತಡೆದು ನಿಲ್ಲಿಸಿದರು. ಆಮೇಲೆ ನಿಧಾನವಾಗಿ ದಾರಿ ತೋರಿಸಿ ಸೌಥಾಂಪ್ಟನ್ ಬಂದರಿಗೆ ತರಲು ಎರಡು ದಿನ ಹಿಡಿಯಿತು. ಆಗಸ್ಟ್ 6ಕ್ಕೆ ಲಂಡನ್ ಸೇರಿದರೆ, ನೋಡಬೇಕಾದ ಮನುಷ್ಯನೇ ಅಲ್ಲಿಲ್ಲ.

ಪ್ಯಾರಿಸ್ಸಿನಲ್ಲಿ ಗೋಖಲೆ

ಗೋಖಲೆಯವರಿಗೆ ಆಗ 48 ವರ್ಷ. ಸಕ್ಕರೆ ಕಾಯಿಲೆ ಅವರನ್ನು ಹಣ್ಣು ಮಾಡಿತ್ತು. ಸರ್ಕಾರಿ ನೌಕರಿಗಳ ಬಗ್ಗೆ ವಿಚಾರಣೆ ನಡೆಸುತ್ತಿದ್ದ ರಾಯಲ್ ಕಮಿಷನ್ನಿನ ಸದಸ್ಯರಾಗಿ ಇಂಗ್ಲೆಂಡಿಗೆ ಹೋದವರು, ಆರೋಗ್ಯ ಸುಧಾರಿಸಿಕೊಳ್ಳಲು ಫ್ರಾನ್ಸಿಗೆ ದಾಟಿದ್ದರು. ಯುದ್ಧ ಶುರುವಾಗುತ್ತಲೇ ಪ್ಯಾರಿಸ್–ಲಂಡನ್ ಸಂಪರ್ಕ ಕಡಿದುಹೋಯಿತು. ಅವರು ಎಂದು ಬರುತ್ತಾರೆಂದು ಲಂಡನ್ನಿನಲ್ಲಿ ಯಾರಿಗೂ ತಿಳಿಯದು. ಅವರನ್ನು ಕಾಣದೆ ಊರಿಗೆ ಹೊರಡಲು ಗಾಂಧಿಗೆ ಮನಸ್ಸಿಲ್ಲ.

ಅತ್ತ ಜರ್ಮನ್ ಸೈನ್ಯ ಪ್ಯಾರಿಸ್ಸಿನ ಹತ್ತಿರ ಹತ್ತಿರ ಬರುತ್ತಿತ್ತು. ಸೆಪ್ಟೆಂಬರ್ 2ರಂದು ಫ್ರೆಂಚ್ ಸರ್ಕಾರವೇ ರಾಜಧಾನಿ ಬಿಟ್ಟು ಬೋರ್ಡೊ ಪಟ್ಟಣಕ್ಕೆ ಹೋಯಿತು. ಮಾರ್ನ್ ನದಿಯ ಕಾಳಗದಲ್ಲಿ ಜರ್ಮನ್ನರನ್ನು ಹಿಮ್ಮೆಟ್ಟಿಸಿದ ಮೇಲೆ ಪ್ಯಾರಿಸ್ ಉಸಿರು ಬಿಟ್ಟಿತು. ಗೋಖಲೆ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಮರಳಿದರು. ಅದೇ ತಿಂಗಳ ಕೊನೆಗೆ ಭಾರತದ ಸೈನಿಕರನ್ನು ಹೊತ್ತ ಹಡಗುಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಬಂದವು. ಕಾಯಿಲೆಯ ಮನುಷ್ಯನಿಗೆ ಫ್ರಾನ್ಸ್ ಬಿಟ್ಟು ಬರಲು ಇಲ್ಲದ ದಾರಿ, ಸಾಯಲು ಹೊರಟ ರೈತರ ಮಕ್ಕಳಿಗೆ ತೆರೆದಿತ್ತು.

ಗುರುಶಿಷ್ಯರು ಲಂಡನ್ನಿನಲ್ಲಿ ಕೊನೆಗೂ ಭೇಟಿಯಾದರು. ಆದರೆ ಅಲ್ಲಿಯ ಚಳಿ, ಮಂಜು ಗೋಖಲೆಗೆ ಆಗದು. ಅವರು ಮೊದಲೇ ಭಾರತಕ್ಕೆ ಹೊರಟರು. ಗಾಂಧಿ ಪ್ಲೂರಸಿ ಎಂಬ ಎದೆಗೂಡಿನ ಕಾಯಿಲೆಯಿಂದ ಮಲಗಿದರು.

ಒಬ್ಬರಿಗೆ ಮಾತ್ರ ಗಡಿ ತೆರೆಯಲಿಲ್ಲ

ಯುದ್ಧ ಬಂದದ್ದೇ, ಕಾಗದ ಇಲ್ಲದೆ ತಿರುಗುವ ಕಾಲ ಮುಗಿಯಿತು. ಈಗ ಭಾರತಕ್ಕೆ ಹೊರಡಲು ಕಾಲನ್‌ಬಾಕ್‌ಗೆ ಪಾಸ್‌ಪೋರ್ಟ್ ಬೇಕಾಯಿತು. ಅವರು ಜರ್ಮನ್ ಪ್ರಜೆ, ಅಂದರೆ ಕಾನೂನಿನ ಲೆಕ್ಕಕ್ಕೆ ಶತ್ರು. ಗಾಂಧಿ ಬಹಳ ಪ್ರಯತ್ನಪಟ್ಟರು. ವೈಸರಾಯ್ ಲಾರ್ಡ್ ಹಾರ್ಡಿಂಜ್‌ಗೆ ತಂತಿ ಹೋಯಿತು. ಆಗುವುದಿಲ್ಲ ಎಂದು ಉತ್ತರ ಬಂತು. ಡಿಸೆಂಬರ್ 19ರಂದು ಗಾಂಧಿ, ಕಸ್ತೂರಬಾ ‘ಅರೇಬಿಯಾ’ ಹಡಗು ಹತ್ತಿದರು. ಕಾಲನ್‌ಬಾಕ್ ಹಿಂದೆ ಉಳಿದರು. ಮುಂದೆ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಬಂಧಿಯಾಗಿಟ್ಟರು.

ಒಂದೇ ಹಡಗಿನ ಮೂರನೇ ದರ್ಜೆಯಲ್ಲಿ, ಒಂದೇ ಊಟ ಮಾಡುತ್ತ ಬಂದ ಗೆಳೆಯರು ಇವರು. ಬ್ರಿಟಿಷರ ವಿರುದ್ಧ ಹೋರಾಡಿ ಜೈಲು ಕಂಡವರು ಗಾಂಧಿ. ಅವರಿಗೆ ದಾರಿ ಸಿಕ್ಕಿತು, ಯಾಕೆಂದರೆ ಕಾಗದದ ಮೇಲೆ ಅವರು ಬ್ರಿಟಿಷ್ ಪ್ರಜೆ. ಯಾರಿಗೂ ಕೇಡು ಮಾಡದ ಕಾಲನ್‌ಬಾಕ್‌ಗೆ ದಾರಿ ಮುಚ್ಚಿತು. ಮನುಷ್ಯ ಎಂಥವನು ಎಂದು ಯಾರೂ ಕೇಳಲಿಲ್ಲ, ಯಾವ ದೇಶದವನು ಎಂದಷ್ಟೇ ಕೇಳಿದರು.

ತಡವಾದದ್ದರ ಬೆಲೆ

1915ರ ಜನವರಿ 9ರಂದು ಗಾಂಧಿ ಮುಂಬಯಿಗೆ ಬಂದಿಳಿದರು. ಫೆಬ್ರವರಿ 19ರಂದು ಗೋಖಲೆ ತೀರಿಕೊಂಡರು. ನಡುವೆ ಬರೇ 41 ದಿನ. ಪ್ಯಾರಿಸ್ಸಿನಲ್ಲಿ ಕಳೆದುಹೋದ ವಾರಗಳು ಎಷ್ಟು ದುಬಾರಿಯಾದವು ಎಂಬುದು ಈ ಲೆಕ್ಕ ಹಾಕಿದಾಗ ತಿಳಿಯುತ್ತದೆ.

ಸಾಯುವ ಮುನ್ನ ಗೋಖಲೆ ಗಾಂಧಿಯಿಂದ ಒಂದು ಮಾತು ತೆಗೆದುಕೊಂಡಿದ್ದರು: ಒಂದು ವರ್ಷ ರಾಜಕೀಯ ಮಾತಾಡದೆ ದೇಶ ಸುತ್ತಿ ನೋಡಬೇಕು. ಆ ಸುತ್ತಾಟದಲ್ಲೇ ಗಾಂಧಿ 1915ರ ಮೇ 8ರಂದು ಬೆಂಗಳೂರಿಗೆ ಬಂದರು. ಡಿವಿಜಿ ಮತ್ತು ಗೆಳೆಯರು ಕರೆಸಿದ್ದ ಆ ಸಭೆಯಲ್ಲಿ ಅವರು ಅನಾವರಣ ಮಾಡಿದ್ದು ಗೋಖಲೆಯವರ ಭಾವಚಿತ್ರವನ್ನು. ಮರುವರ್ಷ ಬೆಳಗಾವಿಯ ಪ್ರಾಂತೀಯ ಪರಿಷತ್ತಿಗೆ ಬಂದರು. 1924ರ ಡಿಸೆಂಬರ್‌ನಲ್ಲಿ ಅದೇ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧ್ಯಕ್ಷತೆ ವಹಿಸಿದರು. ಅವರು ಅಧ್ಯಕ್ಷರಾದ ಏಕೈಕ ಅಧಿವೇಶನ ಅದು.

ಕಾಲನ್‌ಬಾಕ್ ಏನಾದರು? 1937ರ ಏಪ್ರಿಲ್‌ನಲ್ಲಿ ಗಾಂಧಿ ನಮ್ಮ ಜಿಲ್ಲೆಯ ಹುದಲಿಗೆ, ಗಂಗಾಧರರಾವ್ ದೇಶಪಾಂಡೆಯವರ ಊರಿಗೆ, ಗಾಂಧಿ ಸೇವಾ ಸಂಘದ ಸಭೆಗೆ ಬಂದಿದ್ದರು. ಮರುತಿಂಗಳು ಅವರು ಗುಜರಾತಿನ ಸಮುದ್ರದಂಡೆಯ ತೀಥಲ್‌ನಲ್ಲಿದ್ದಾಗ ಕಾಲನ್‌ಬಾಕ್ ಅಲ್ಲಿಗೆ ಬಂದರು. ಲಂಡನ್ನಿನಲ್ಲಿ ಬಿಟ್ಟುಹೋದ ಗೆಳೆಯನನ್ನು ಕಾಣಲು 22 ವರ್ಷಕ್ಕೂ ಹೆಚ್ಚು ಕಾಲ ಬೇಕಾಗಿತ್ತು.

ಯುದ್ಧ ಮುಗಿದರೂ ಪಾಸ್‌ಪೋರ್ಟ್ ಹೋಗಲಿಲ್ಲ. ಭಾರತದೊಳಗೆ ಬರಲು ಅದು ಬೇಕೆಂದು 1920ರಲ್ಲಿ ಕಾನೂನೇ ಆಯಿತು. ಈಗ ನಮ್ಮ ಕಡೆಯಿಂದಲೂ ಓದಲು, ದುಡಿಯಲು, ತಿರುಗಾಡಲು ಯುರೋಪಿಗೆ ಹೋಗುವವರಿದ್ದಾರೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿ ಹಬ್ಬಿ ಅಲ್ಲಿಯ ವಿಮಾನಗಳು ನಿಂತಾಗ, ಸುಮಾರು ಒಂದು ವಾರಕ್ಕೆ ಆಕಾಶ ತಿಳಿಯಾಯಿತು, ಜನ ಹೊರಟರು. 2022ರಲ್ಲಿ ಉಕ್ರೇನಿನಲ್ಲಿ ಹಾಗಾಗಲಿಲ್ಲ. ಕರ್ನಾಟಕದ ವಿದ್ಯಾರ್ಥಿಗಳು ಚಳಿಯಲ್ಲಿ ಪೋಲೆಂಡ್, ರುಮೇನಿಯಾ ಗಡಿಗಳಲ್ಲಿ ಕಾದು ನಿಂತರು. ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ. ಅವನ ಶವ ಊರು ಮುಟ್ಟಲು ಮೂರು ವಾರ ಹಿಡಿಯಿತು.

ಬೂದಿ ಇಳಿಯುತ್ತದೆ, ಹೊಳೆಯೂ ಇಳಿಯುತ್ತದೆ. ಯುದ್ಧ ಮುಚ್ಚಿದ ದಾರಿ ಎಂದು ತೆರೆದೀತು ಎಂದು ಹೇಳಲು 1914ರಲ್ಲೂ ಯಾರೂ ಇರಲಿಲ್ಲ. ಮಕ್ಕಳನ್ನು ದೂರ ಕಳಿಸುವ ಮನೆಗಳವರು ವಿಮಾನದ ಟಿಕೆಟ್ಟಿನ ದರ ಕೇಳುವಾಗಲೇ, ಆ ದೇಶದ ನಮ್ಮ ರಾಯಭಾರ ಕಚೇರಿಯ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.